ಶುಗರ್ ಫ್ರೀ ಸಿರಪ್ಪು, ನಿಲ್ಲದ ಭೇದಿ: ಮೂಗಲ್ಲಿ ಟ್ಯೂಬ್ ಇದ್ದ ಒಬ್ಬ ರೋಗಿಯ ಪ್ರಕರಣ

ರೋಗಿ 71 ವರ್ಷದವರು, ತಿಪಟೂರು ಕಡೆಯ ತೆಂಗಿನ ತೋಟದ ರೈತರು, ಶುಗರ್ರು ಬಿಪಿ ಎರಡೂ ಬಹಳ ವರ್ಷದಿಂದ ಇದೆ. ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಯ್ತು, ಮಾತು ತೊದಲೋಕೆ ಶುರುವಾಯ್ತು, ನುಂಗಿದ್ದು ಶ್ವಾಸನಾಳಕ್ಕೆ ಹೋಗ್ತಿದೆ ಅಂತ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ್ರು. ಆಸ್ಪತ್ರೇಲಿ ಒಂದ್ಸಲ ಫಿಟ್ಸ್ ಬಂತು, ಆಮೇಲೆ ನ್ಯುಮೋನಿಯಾ ಆಗಿ ಆಂಟಿಬಯೋಟಿಕ್ ಹೋಯ್ತು, ಎಲ್ಲಾ ಸುಧಾರಿಸಿಕೊಂಡು ಟ್ಯೂಬ್ ಸಮೇತ ಡಿಸ್ಚಾರ್ಜ್ ಮಾಡಿ ಮನೆಗೆ ಕಳಿಸಿದ್ರು. ಮನೇಲಿ ನೋಡ್ಕೊಳ್ಳೋದು ಸೊಸೆ. ಮಗ ಬೆಳಗ್ಗೆ ತೋಟಕ್ಕೆ ಹೋದ್ರೆ ಸಂಜೆ ಬರೋದು, ಅತ್ತೆಗೆ ಮಂಡಿನೋವು, ಹಾಗಾಗಿ ಮಾವನಿಗೆ ಟ್ಯೂಬಲ್ಲಿ ಗಂಜಿ ಕೊಡೋದು, ಇನ್ಸುಲಿನ್ ಹಾಕೋದು, ಮಗ್ಗುಲು ತಿರುಗಿಸೋದು, ಡಯಾಪರ್ ಬದಲಿಸೋದು ಎಲ್ಲಾ ಆಕೆಯೇ.

ಮನೆಯವರ ಒಪ್ಪಿಗೆ ತಗೊಂಡು ಬರೀತಿದೀನಿ, ಗುರುತು ಸಿಗೋ ಕೆಲವು ವಿವರ ಬದಲಿಸಿದೀನಿ. ನಾನು ಕ್ಲಿನಿಕಲ್ ಫಾರ್ಮಸಿಸ್ಟು, ಮನೇಲಿ ಮಲಗಿರೋ ರೋಗಿಗಳ ಔಷಧಿ ಪಟ್ಟಿ ನೋಡಿ ಡಾಕ್ಟರಿಗೆ ವರದಿ ಕೊಡೋದು ನನ್ನ ಕೆಲಸದಲ್ಲಿ ಒಂದು ಭಾಗ. ಈ ಪ್ರಕರಣ ಪೂರ್ತಿ ಬರೀಬೇಕು ಅನ್ನಿಸಿದ್ದು ಯಾಕಂದ್ರೆ ಇಲ್ಲಿ ತೊಂದರೆ ಕೊಟ್ಟಿದ್ದು ಔಷಧಿ ಅಲ್ಲ, ಔಷಧಿಯನ್ನ ಕರಗಿಸಿಟ್ಟಿರೋ ಸಿಹಿ ದ್ರವ. ಅದರ ಲೆಕ್ಕ ಯಾರ ಚೀಟಿಯಲ್ಲೂ ಇರ್ಲಿಲ್ಲ. ಅದು ಗೊತ್ತಾಗೋ ತನಕ ಶಿಕ್ಷೆ ಆಗಿದ್ದು ಊಟಕ್ಕೆ.

ಮನೆಗೆ ಬಂದ ಮೂರನೇ ದಿನಕ್ಕೆ ಭೇದಿ ಶುರು. ಮೊದಲು ದಿನಕ್ಕೆ ಮೂರು ನಾಲ್ಕು ಸಲ, ಆಮೇಲೆ ಏಳೆಂಟು ಸಲ, ನೀರು ನೀರಾಗಿ, ಹೊಟ್ಟೆ ಗುಡುಗುಡು ಅಂತ ಸದ್ದು, ಹೊಟ್ಟೆ ಉಬ್ಬರ, ಗ್ಯಾಸು. ಜ್ವರ ಇಲ್ಲ, ರಕ್ತ ಇಲ್ಲ, ಸಿಂಬಳ ಇಲ್ಲ. ಟ್ಯೂಬಲ್ಲಿ ಊಟ ಕೊಡೋರಿಗೆ ಭೇದಿ ಆದ್ರೆ ಯಾರಿಗೇ ಆದ್ರೂ ಮೊದಲು ಅನುಮಾನ ಬರೋದು ಊಟದ ಮೇಲೆ, ಇಲ್ಲೂ ಹಾಗೇ ಆಯ್ತು. ಮೊದಲು ಹಾಲು ನಿಲ್ಲಿಸಿದ್ರು. ಕಮ್ಮಿ ಆಗ್ಲಿಲ್ಲ. ಆಮೇಲೆ ರಾಗಿ ಅಂಬಲಿ ಉಷ್ಣನೋ ಶೀತನೋ ಅಂತ ಮನೇಲಿ ಚರ್ಚೆ ಆಗಿ ಅದನ್ನೂ ಬಿಟ್ರು. ಆಸ್ಪತ್ರೆ ಡಯಟಿಷಿಯನ್ ಬರೆದುಕೊಟ್ಟಿದ್ದ ಪ್ರೋಟೀನ್ ಪೌಡರ್ ಹೋಯ್ತು, ಬೇಳೆ ಕಟ್ಟು ಹೋಯ್ತು, ಎಳನೀರೂ ಹೋಯ್ತು, ಕೊನೆಗೆ ಉಳಿದಿದ್ದು ಸೋಸಿದ ಅಕ್ಕಿ ಗಂಜಿ ತಿಳಿ ಮತ್ತೆ ಮಜ್ಜಿಗೆ ನೀರು. ಅಷ್ಟು ದೊಡ್ಡ ಸ್ಟ್ರೋಕ್ ಆಗಿ, ಮಾಂಸಖಂಡ ಕರಗ್ತಿರೋ ಮನುಷ್ಯನಿಗೆ ಗಂಜಿ ತಿಳಿ ಮೇಲೆ ದಿನ ದೂಡಿದ್ರು. ಮನೆಯವರ ತಪ್ಪಲ್ಲ ಇದು, ಅವರ ಕಣ್ಣಿಗೆ ಕಾಣೋದು ಊಟ ಒಂದೇ, ಅದನ್ನ ಕಮ್ಮಿ ಮಾಡಿದ್ರೆ ಭೇದಿ ಸ್ವಲ್ಪ ಕಮ್ಮಿ ಆದಂಗೂ ಕಾಣುತ್ತೆ, ಒಳಗೆ ಏನೂ ಹೋಗದಿದ್ರೆ ಹೊರಗೆ ಬರೋದೂ ಕಮ್ಮಿ ಆಗೇ ಆಗುತ್ತೆ. ಸೊಂಟದ ಹತ್ರ ಚರ್ಮ ಕೆಂಪಾಗಿ ಬೆಡ್ ಸೋರ್ ಶುರು ಆಗಿತ್ತು, ಒದ್ದೆ ಡಯಾಪರ್ ಅದಕ್ಕೆ ಇನ್ನಷ್ಟು ಕೆಡುಕು ಮಾಡ್ತಿತ್ತು.

ಊರಿನ ಡಾಕ್ಟ್ರು ತಮ್ಮ ಕೆಲಸ ಸರಿಯಾಗೇ ಮಾಡಿದ್ರು. ಮಲ ಪರೀಕ್ಷೆ ಮಾಡಿಸಿದ್ರು, ಹುಳ ಮೊಟ್ಟೆ ಇಲ್ಲ, ಕೀವು ಕಣ ಇಲ್ಲ. ಆಂಟಿಬಯೋಟಿಕ್ ತಗೊಂಡಿದ್ದೋರಿಗೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅಂತ ಒಂದು ಬ್ಯಾಕ್ಟೀರಿಯಾದಿಂದ ಭೇದಿ ಆಗೋ ಅಪಾಯ ಇದೆ, ಅದನ್ನ ಬಿಡಂಗಿಲ್ಲ, ಸ್ಯಾಂಪಲ್ ಹೊರಗೆ ಕಳಿಸಿದ್ರು, ಅದೂ ನೆಗೆಟಿವ್. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಇದ್ರೆ ಅದೂ ಭೇದಿ ಮಾಡ್ಬಹುದು, ಆದ್ರೆ ಅದನ್ನ ಆಸ್ಪತ್ರೇಲೇ ನಿಲ್ಲಿಸಿ ಇನ್ಸುಲಿನ್‌ಗೆ ಹಾಕಿದ್ರು. ಪ್ರೋಬಯೋಟಿಕ್ ಸ್ಯಾಶೆ ಕೊಟ್ರು. ಕರುಳಿನ ಸೋಂಕಿಗೆ ಕೊಡೋ ಮೆಟ್ರೋನಿಡಜೋಲ್ ಒಂದು ಕೋರ್ಸ್ ಕೊಟ್ರು. ಬದಲಾವಣೆ ಇಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.0ಕ್ಕೆ ಇಳಿದಿತ್ತು, ಭೇದೀಲಿ ಪೊಟ್ಯಾಸಿಯಂ ಹೋಗೋದು ಸಹಜ, ಹಾಗಾಗಿ ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ 15 ಎಂಎಲ್ ದಿನಕ್ಕೆ ಎರಡು ಸಲ ಸೇರಿಸಿದ್ರು. ಅದು ಸೇರಿದ ಮೇಲೆ ಭೇದಿ ಇನ್ನೂ ಜಾಸ್ತಿ ಆಯ್ತು. ಈ ಜಾಗ ಗಮನಿಸಿ, ಮುಂದೆ ಮತ್ತೆ ಬರ್ತೀನಿ.

ನಾನು ಹೋದಾಗ ಇದೆಲ್ಲಾ ನಡೆದು ಮೂರನೇ ವಾರ. ನನಗೆ ದಾರಿ ತೋರಿಸಿದ್ದು ಯಾವ ಲ್ಯಾಬ್ ರಿಪೋರ್ಟೂ ಅಲ್ಲ, ಸೊಸೆ ಬರೆದಿಟ್ಟಿದ್ದ ನೋಟ್‌ಬುಕ್ಕು. ಮಗುವಿನ ಹಳೇ ಸ್ಕೂಲ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಎಷ್ಟು ಗಂಟೆಗೆ ಏನು ಕೊಟ್ಟೆ, ಎಷ್ಟು ಗಂಟೆಗೆ ಭೇದಿ ಆಯ್ತು, ಇನ್ಸುಲಿನ್ ಎಷ್ಟು, ಶುಗರ್ ಎಷ್ಟು, ಎಲ್ಲಾ ಇತ್ತು, ಇಷ್ಟು ಶಿಸ್ತಾಗಿ ಬರೆದಿದ್ದನ್ನ ನಾನು ದೊಡ್ಡ ಆಸ್ಪತ್ರೆಗಳ ಚಾರ್ಟಲ್ಲೂ ಅಪರೂಪಕ್ಕೆ ನೋಡಿದೀನಿ. ಅದರಲ್ಲಿ ಎರಡು ವಿಷಯ ಎದ್ದು ಕಂಡ್ವು. ಒಂದು, ಭೇದಿ ದಿನವಿಡೀ ಸಮವಾಗಿ ಇರ್ಲಿಲ್ಲ, ಬೆಳಗ್ಗೆ 9ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಔಷಧಿ ಕೊಟ್ಟ ಮೇಲೆ ಒಂದೆರಡು ಗಂಟೆ ಒಳಗೆ ಗುಂಪಾಗಿ ಆಗ್ತಿತ್ತು, ನಡುವೆ ಬರೀ ಗಂಜಿ ಕೊಟ್ಟಾಗ ಅಷ್ಟು ಇರ್ಲಿಲ್ಲ. ಇನ್ನೊಂದು, ಒಂದು ಭಾನುವಾರ ಬರೀ ಎರಡೇ ಸಲ ಅಂತ ಬರೆದಿತ್ತು. ಅವತ್ತೇನು ಬೇರೆ ಮಾಡಿದ್ರಿ ಅಂತ ಕೇಳಿದೆ. ಆಕೆ ಹೇಳಿದ್ದು: "ಅವತ್ತು ಏನೂ ಬೇರೆ ಕೊಡ್ಲಿಲ್ಲ ಮೇಡಂ, ಕೆಮ್ಮಿನ ಸಿರಪ್ಪೂ ನೋವಿನ ಸಿರಪ್ಪೂ ಖಾಲಿಯಾಗಿತ್ತು, ಮೆಡಿಕಲ್ ಶಾಪು ಬಾಗಿಲು ಹಾಕಿತ್ತು, ಮಾವಂಗೆ ನೋವು ಜಾಸ್ತಿ ಆಗುತ್ತೇನೋ ಅಂತ ನಂಗೆ ಭಯ ಆಗಿತ್ತು."

ಬಾಟಲಿಗಳನ್ನೆಲ್ಲಾ ಒಂದು ತಟ್ಟೇಲಿ ಜೋಡಿಸಿದ್ವಿ. ಆರು ಸಿರಪ್ಪು. ಕೆಮ್ಮು ಕಫಕ್ಕೆ ಆಂಬ್ರಾಕ್ಸಾಲ್ ಇರೋದು 10 ಎಂಎಲ್ ಮೂರು ಸಲ. ಆಂಟಾಸಿಡ್ ಜೆಲ್ 10 ಎಂಎಲ್ ಮೂರು ಸಲ. ಸ್ಟ್ರೋಕ್ ಆದ ಭುಜ ನೋಯ್ತಿತ್ತು ಅಂತ ಪ್ಯಾರಸಿಟಮಾಲ್ 10 ಎಂಎಲ್ ನಾಲ್ಕು ಸಲ. ಬಿ ಕಾಂಪ್ಲೆಕ್ಸ್ 10 ಎಂಎಲ್ ಎರಡು ಸಲ. ಫಿಟ್ಸ್‌ಗೆ ಲೆವೆಟಿರಾಸಿಟಮ್ 5 ಎಂಎಲ್ ಎರಡು ಸಲ. ಅದರ ಮೇಲೆ ಈಗ ಹೊಸದಾಗಿ ಪೊಟ್ಯಾಸಿಯಂ 15 ಎಂಎಲ್ ಎರಡು ಸಲ. ಕೂಡಿಸಿದ್ರೆ ದಿನಕ್ಕೆ 160 ಎಂಎಲ್ ಸಿರಪ್ಪು. ಒಂದು ಲೋಟದ ಹತ್ರ ಹತ್ರ ಬರೀ ಸಿಹಿ ದ್ರವ ಅವರ ಹೊಟ್ಟೆಗೆ ಹೋಗ್ತಿತ್ತು, ಅದರಲ್ಲಿ ಬಹುಪಾಲಿನ ಮೇಲೆ ಶುಗರ್ ಫ್ರೀ ಅಂತ ಹಸಿರು ಅಕ್ಷರದಲ್ಲಿ ಬರೆದಿತ್ತು. ಅಪ್ಪಂಗೆ ಶುಗರ್ ಇದೆ, ಶುಗರ್ ಫ್ರೀನೇ ಕೊಡಿ ಅಂತ ಮಗ ಪ್ರತಿ ಸಲ ಅಂಗಡೀಲಿ ಕೇಳಿ ಕೇಳಿ ತಂದಿದ್ರು, ಅವರ ಕಾಳಜಿ ಪ್ರಾಮಾಣಿಕವಾದದ್ದು.

ಸಕ್ಕರೆ ಹಾಕದೇ ಸಿರಪ್ ಸಿಹಿ ಆಗ್ಬೇಕಂದ್ರೆ ಬೇರೆ ಏನೋ ಹಾಕ್ಲೇಬೇಕು, ಬರೀ ಸಿಹಿ ಸಾಲದು, ಮಂದವಾಗೂ ಇರ್ಬೇಕು, ಬಾಟಲಿ ಬಾಯಲ್ಲಿ ಹರಳುಗಟ್ಟಬಾರ್ದು, ಕೆಡಬಾರ್ದು. ಈ ಎಲ್ಲಾ ಕೆಲಸಕ್ಕೂ ಅಗ್ಗವಾಗಿ ಒದಗೋದು ಸಾರ್ಬಿಟಾಲ್. ಅದು ಸಕ್ಕರೆಯ ಸುಮಾರು 60 ಪರ್ಸೆಂಟ್ ಸಿಹಿ, ರಕ್ತದ ಶುಗರ್ ಬೇಗ ಏರಿಸಲ್ಲ, ಆ ಮಟ್ಟಿಗೆ ಶುಗರ್ ರೋಗಿಗೆ ಅನುಕೂಲವೇ. ಆದ್ರೆ ಸಣ್ಣ ಕರುಳು ಇದನ್ನ ನಿಧಾನವಾಗಿ, ಅರ್ಧಂಬರ್ಧ ಮಾತ್ರ ಹೀರಿಕೊಳ್ಳುತ್ತೆ, ಉಳಿದಿದ್ದು ಕರುಳಲ್ಲೇ ಕೂತು ನೀರನ್ನ ತನ್ನ ಕಡೆ ಎಳೆಯುತ್ತೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಮೇಲೆ ಉಪ್ಪು ಹಾಕಿಟ್ರೆ ಹೇಗೆ ನೀರು ಬಿಡುತ್ತೋ ಅದೇ ತತ್ವ. ಆಮೇಲೆ ದೊಡ್ಡ ಕರುಳಿಗೆ ಹೋದಾಗ ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುಳಿ ಹಿಡಿಸುತ್ವೆ, ಗ್ಯಾಸು, ಆಮ್ಲ, ಉಬ್ಬರ ಎಲ್ಲಾ ಅಲ್ಲಿಂದ. ದಿನಕ್ಕೆ 10 ಗ್ರಾಂ ಆಸುಪಾಸು ಹೋದ್ರೇ ಎಷ್ಟೋ ಜನಕ್ಕೆ ಹೊಟ್ಟೆ ಉಬ್ಬುತ್ತೆ, 20 ಗ್ರಾಂ ದಾಟಿದ್ರೆ ನುಲಿತ, ಭೇದಿ. ಮಲಬದ್ಧತೆಗೆ ಸಾರ್ಬಿಟಾಲನ್ನೇ ಔಷಧಿಯಾಗಿ ಕೊಡೋ ಪದ್ಧತಿಯೂ ಇದೆ. ಅಂದ್ರೆ ಈ ಯಜಮಾನ್ರಿಗೆ ಯಾರೂ ಬರೆಯದೇ ಇರೋ, ಭೇದಿ ಮಾಡ್ಸೋ ಔಷಧಿ ದಿನಕ್ಕೆ ನಾಲ್ಕು ಹೊತ್ತು ಹೋಗ್ತಿತ್ತು.

ಲೆಕ್ಕ ಹಾಕೋದೇ ಕಷ್ಟ ಆಗಿದ್ದು. ನಮ್ಮ ದೇಶದ ಔಷಧಿ ನಿಯಮಗಳ ಪ್ರಕಾರ ಲೇಬಲ್ ಮೇಲೆ ಮುಖ್ಯ ಔಷಧದ ಹೆಸರು, ಪ್ರಮಾಣ ಇರ್ಬೇಕು, ಉಳಿದಿದ್ದು ಸಾಮಾನ್ಯವಾಗಿ "ಫ್ಲೇವರ್ಡ್ ಸಿರಪ್ ಬೇಸ್", "ಎಕ್ಸಿಪಿಯೆಂಟ್ಸ್, ಬೇಕಾದಷ್ಟು" ಅಂತ ಒಂದೇ ಸಾಲಲ್ಲಿ ಮುಗಿದುಹೋಗುತ್ತೆ. ಬೇಸ್ ಅಂದ್ರೆ ಔಷಧಿ ಕರಗಿಸಿಟ್ಟಿರೋ ದ್ರವ, ಎಕ್ಸಿಪಿಯೆಂಟ್ಸ್ ಅಂದ್ರೆ ಔಷಧಿ ಅಲ್ಲದ ಉಳಿದ ಪದಾರ್ಥಗಳು. ಬಣ್ಣದ ಹೆಸರು ಇರುತ್ತೆ. ನಮ್ಮ ಆರು ಬಾಟಲಿಗಳಲ್ಲಿ ಕೆಮ್ಮಿನದ್ದು ಮತ್ತೆ ಆಂಟಾಸಿಡ್ ಮೇಲೆ ಮಾತ್ರ ಸಾರ್ಬಿಟಾಲ್ ಬೇಸ್ ಅಂತ ಇತ್ತು, ಎಷ್ಟು ಅಂತ ಇರ್ಲಿಲ್ಲ. ಬಾಟಲಿ ಮೇಲಿದ್ದ ನಂಬರ್‌ಗಳಿಗೆ ಫೋನ್ ಮಾಡಿದೆ, ಇಮೇಲ್ ಹಾಕಿದೆ. ಪ್ಯಾರಸಿಟಮಾಲ್ ಮಾಡೋ ಕಂಪನಿಯವರು ವಿಷಯ ಕೇಳಿ ಸಹಕಾರ ಕೊಟ್ರು, 5 ಎಂಎಲ್‌ಗೆ ಸುಮಾರು 1 ಗ್ರಾಂ ಅಂತ ಉತ್ತರ ಬಂತು. ಬಿ ಕಾಂಪ್ಲೆಕ್ಸ್‌ನವರು ಸಾರ್ಬಿಟಾಲ್ ಇದೆ ಅಂದ್ರು, ಪ್ರಮಾಣ ಹೇಳಕ್ಕಾಗಲ್ಲ ಅಂದ್ರು. ಉಳಿದೋರಿಂದ ಉತ್ತರ ಇಲ್ಲ.

ಹಾಗಾಗಿ ಕೆಮ್ಮಿನ ಸಿರಪ್ಪಿಗೂ ಆಂಟಾಸಿಡ್‌ಗೂ ಅಂದಾಜು ಹಿಡಿಬೇಕಾಯ್ತು. ಕಾರ್ಖಾನೆಗಳಲ್ಲಿ ಬಳಸೋ 70 ಪರ್ಸೆಂಟ್ ಸಾರ್ಬಿಟಾಲ್ ದ್ರಾವಣದ 1 ಎಂಎಲ್‌ನಲ್ಲಿ ಸುಮಾರು 0.9 ಗ್ರಾಂ ಸಾರ್ಬಿಟಾಲ್ ಇರುತ್ತೆ. ಬಾಟಲಿಯ ಮೂರನೇ ಒಂದು ಭಾಗ ಆ ದ್ರಾವಣ ಅಂತ ಇಟ್ಕೊಂಡ್ರೆ 5 ಎಂಎಲ್‌ಗೆ 1.5 ಗ್ರಾಂ ಬರುತ್ತೆ. ಎರಡೂ ಸೇರಿ ದಿನಕ್ಕೆ 60 ಎಂಎಲ್, ಅಂದ್ರೆ 18 ಗ್ರಾಂ. ಪ್ಯಾರಸಿಟಮಾಲ್ 40 ಎಂಎಲ್‌ಗೆ 8 ಗ್ರಾಂ. ಒಟ್ಟು 26 ಗ್ರಾಂ, ಬಿ ಕಾಂಪ್ಲೆಕ್ಸ್‌ದು ಬಿಟ್ಟು. ಯೂರೋಪಲ್ಲಿ ಒಂದು ನಿಯಮ ಇದೆ, ಔಷಧಿಯಿಂದ ದಿನಕ್ಕೆ ದೇಹದ ತೂಕದ ಕೆಜಿಗೆ 140 ಮಿಲಿಗ್ರಾಂ ಸಾರ್ಬಿಟಾಲ್ ಹೋಗೋ ಹಾಗಿದ್ರೆ ಹೊಟ್ಟೆ ತೊಂದರೆ, ಸ್ವಲ್ಪ ಭೇದಿ ಆಗ್ಬಹುದು ಅಂತ ರೋಗಿಗೆ ಕೊಡೋ ಹಾಳೇಲೇ ಬರೀಬೇಕು. ನಮ್ಮ ರೋಗಿಯ ತೂಕ ಹತ್ರ ಹತ್ರ 60 ಕೆಜಿ, ಆ ಲೆಕ್ಕಕ್ಕೆ 8.4 ಗ್ರಾಂ. ಇವರಿಗೆ ಅದರ ಮೂರು ಪಟ್ಟು ಹೋಗ್ತಿತ್ತು. ಅದು ಎಚ್ಚರಿಕೆ ಬರೆಯೋಕೆ ಇಟ್ಟಿರೋ ಗೆರೆ, ದಾಟಿದ ಕೂಡ್ಲೇ ಎಲ್ಲರಿಗೂ ಭೇದಿ ಆಗುತ್ತೆ ಅಂತಲ್ಲ, ಆದ್ರೂ ಮೂರು ಪಟ್ಟು ಅಂದ್ರೆ ಕಣ್ಣುಮುಚ್ಚಿ ಕೂರೋಕೆ ಆಗಲ್ಲ.

ಯಾವ ಬಾಟಲಿಯಲ್ಲೂ ಡೋಸ್ ತಪ್ಪಿಲ್ಲ ಅನ್ನೋದನ್ನ ಇಲ್ಲೇ ಹೇಳ್ಬೇಕು. ಆಂಬ್ರಾಕ್ಸಾಲ್ ಡೋಸ್ ಸರಿ, ಪ್ಯಾರಸಿಟಮಾಲ್ ದಿನಕ್ಕೆ 2 ಗ್ರಾಂ, ಸರಿ, ಆಂಟಾಸಿಡ್ ಸರಿ. ಒಂದೊಂದನ್ನೇ ನೋಡಿದ್ರೆ ಯಾವ ಡಾಕ್ಟರಿಗೂ ಯಾವ ಫಾರ್ಮಸಿಸ್ಟಿಗೂ ತಪ್ಪು ಕಾಣಲ್ಲ. ಆರು ಬಾಟಲಿಯ ಬೇಸ್ ಕೂಡಿಸಿದಾಗ ಮಾತ್ರ ಅದು ದೊಡ್ಡ ಡೋಸ್ ಆಗುತ್ತೆ.

ಇನ್ನು ಪೊಟ್ಯಾಸಿಯಂ ವಿಷಯ. ನಮ್ಮ ಕರುಳಿನ ರಸಗಳ ಸಾಂದ್ರತೆ, ಅಂದ್ರೆ ಆಸ್ಮೊಲ್ಯಾಲಿಟಿ, ಸುಮಾರು 300ರ ಹತ್ರ ಇರುತ್ತೆ. ಸಿರಪ್ಪುಗಳದ್ದು ಬಹಳಷ್ಟು ಸಲ 1000 ದಾಟುತ್ತೆ, ಪೊಟ್ಯಾಸಿಯಂ ಕ್ಲೋರೈಡ್ 10 ಪರ್ಸೆಂಟ್ ದ್ರಾವಣದ್ದು 3000 ದಾಟೋದೂ ಇದೆ. ಆರೋಗ್ಯವಂತರು ಬಾಯಲ್ಲಿ ಕುಡಿದಾಗ ಜೊಲ್ಲು, ನೀರು, ಊಟ ಸೇರಿ ಅದು ತೆಳುವಾಗುತ್ತೆ. ಟ್ಯೂಬಲ್ಲಿ 15 ಎಂಎಲ್ ಹಾಗೇ ನೇರವಾಗಿ ತಳ್ಳಿ, ಹಿಂದೆ ಸ್ವಲ್ಪೇ ನೀರು ಬಿಟ್ರೆ ಆ ಗಟ್ಟಿ ದ್ರವ ಹಾಗೇ ಹೋಗಿ ಬೀಳುತ್ತೆ, ಅದನ್ನ ತೆಳು ಮಾಡೋಕೆ ದೇಹ ತನ್ನ ನೀರನ್ನೇ ಕರುಳಿಗೆ ಸುರಿಯುತ್ತೆ. ಈ ಮನೇಲಿ ಆಗಿದ್ದು ಅದೇ. ಸಿರಪ್ಪಿಂದ ಭೇದಿ, ಭೇದಿಯಿಂದ ಪೊಟ್ಯಾಸಿಯಂ ಇಳಿತ, ಅದಕ್ಕೆ ಇನ್ನೊಂದು ಸಿರಪ್ಪು, ಅದರಿಂದ ಇನ್ನಷ್ಟು ಭೇದಿ. ಎರಡನೇ ಸಲ ನೋಡಿದಾಗ ಪೊಟ್ಯಾಸಿಯಂ 3.1, ಅಷ್ಟು ಕೊಟ್ರೂ ಏರಿಲ್ಲ ಅಂತ ಡೋಸ್ ಜಾಸ್ತಿ ಮಾಡೋ ಯೋಚನೆ ನಡೀತಿತ್ತು.

ಒಂದು ಲ್ಯಾಬ್ ರಿಪೋರ್ಟಿನ ಬಗ್ಗೆ ಬಿಡಿಸಿ ಹೇಳ್ಬೇಕು, ಓದೋರಲ್ಲಿ ನರ್ಸುಗಳು, ಲ್ಯಾಬಿನೋರು ಇದ್ರೆ ಉಪಯೋಗ ಆಗುತ್ತೆ. ಮಲದಲ್ಲಿ ರೆಡ್ಯೂಸಿಂಗ್ ಸಬ್‌ಸ್ಟೆನ್ಸ್ ನೆಗೆಟಿವ್ ಅಂತ ಬಂದಿತ್ತು. ಅದನ್ನ ನೋಡಿ ಸಕ್ಕರೆ ಅಂಶ ಜೀರ್ಣ ಆಗದೇ ಭೇದಿ ಆಗ್ತಿಲ್ಲ ಅಂತ ಆ ದಾರಿ ಮುಚ್ಚಿದ್ರು. ಆದ್ರೆ ಆ ರಿಪೋರ್ಟಿಗೆ ಮಾಡೋ ಬೆನೆಡಿಕ್ಟ್ ಪರೀಕ್ಷೆ ಹಿಡಿಯೋದು ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಗ್ಲೂಕೋಸ್ ಥರದ್ದನ್ನ. ಸಾರ್ಬಿಟಾಲ್ ಶುಗರ್ ಆಲ್ಕೊಹಾಲ್, ಅದು ಆ ಪರೀಕ್ಷೆಗೆ ಸಿಗೋದೇ ಇಲ್ಲ. ಆದ್ರೆ ಹುಳಿ ಅಂಶ ತೋರಿಸೋ ಪಿಎಚ್ ಸ್ಟ್ರಿಪ್ ಮಲಕ್ಕೆ ಹಾಕಿ ನೋಡಿದಾಗ 5.5ರ ಹತ್ರ ಬಂತು, 6ಕ್ಕಿಂತ ಕೆಳಗೆ ಇದ್ರೆ ಕರುಳಲ್ಲಿ ಏನೋ ಸಿಹಿ ಪದಾರ್ಥ ಹುಳಿ ಹಿಡೀತಿದೆ ಅನ್ನೋಕೆ ಒಂದು ಸುಳಿವು. ಇನ್ನೂ ಗಟ್ಟಿ ಸಾಕ್ಷಿ ಬೇಕಂದ್ರೆ ಮಲದ ಸೋಡಿಯಂ ಪೊಟ್ಯಾಸಿಯಂ ಅಳೆದು, ಎರಡನ್ನೂ ಕೂಡಿಸಿ, ಎರಡರಿಂದ ಗುಣಿಸಿ, 290ರಿಂದ ಕಳೀಬೇಕು, ಉಳಿಯೋ ಸಂಖ್ಯೆ 100 ದಾಟಿದ್ರೆ ನೀರೆಳೆಯೋ ಥರದ ಭೇದಿ ಅಂತ ಅರ್ಥ. ಹತ್ತಿರದ ಲ್ಯಾಬಲ್ಲಿ ಅದು ಆಗ್ಲಿಲ್ಲ, ಈ ಪ್ರಕರಣದ ಒಂದು ಕೊರತೆ ಅದು.

ಡಾಕ್ಟರಿಗೆ ನೋಟ್‌ಬುಕ್ಕಿನ ಫೋಟೋ, ಲೆಕ್ಕ ಎರಡೂ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿ ಒಂದೊಂದೇ ಔಷಧಿ ಚರ್ಚೆ ಮಾಡಿದ್ರು, ಇಂಥ ಡಾಕ್ಟ್ರು ಸಿಗೋದು ರೋಗಿಯ ಪುಣ್ಯ. ಆಂಟಾಸಿಡ್ ಬೇಕೇ ಇರ್ಲಿಲ್ಲ, ಹೊಟ್ಟೆಯ ಆಮ್ಲಕ್ಕೆ ಬೇರೆ ಮಾತ್ರೆ ಇತ್ತು, ಅದರ ಮೇಲೆ ಆಂಟಾಸಿಡ್‌ನಲ್ಲಿರೋ ಮೆಗ್ನೀಸಿಯಂ ಕೂಡ ಭೇದಿ ಮಾಡೋ ಗುಣದ್ದೇ, ನಿಲ್ಲಿಸಿದ್ರು. ಕಫಕ್ಕೆ ಸಿರಪ್ ಬಿಟ್ಟು ಸಲೈನ್ ನೆಬುಲೈಸೇಶನ್, ಬೆನ್ನು ತಟ್ಟೋದು. ಪ್ಯಾರಸಿಟಮಾಲ್ ಸಾದಾ ಮಾತ್ರೆ, ನುಣ್ಣಗೆ ಪುಡಿ ಮಾಡಿ ನೀರಲ್ಲಿ ಕಲಸಿ. ಬಿ ಕಾಂಪ್ಲೆಕ್ಸ್ ಸದ್ಯಕ್ಕೆ ಬೇಡ. ಪೊಟ್ಯಾಸಿಯಂ ಮಾತ್ರ ತಕ್ಷಣ ನಿಲ್ಲಿಸೋ ಹಾಗಿಲ್ಲ, 3.1ರಲ್ಲಿ ಹೃದಯದ ಬಡಿತಕ್ಕೆ ಅಪಾಯ ಇದೆ, ಅದನ್ನ ಪ್ರತಿ ಸಲ ಸುಮಾರು 120 ಎಂಎಲ್ ನೀರಲ್ಲಿ ಕಲಸಿ ನಿಧಾನವಾಗಿ ಕೊಡೋಕೆ ಹೇಳಿದ್ರು.

ಫಿಟ್ಸ್ ಔಷಧಿಗೆ ಬಹಳ ಜಾಗ್ರತೆ ಬೇಕಿತ್ತು. ಲೆವೆಟಿರಾಸಿಟಮ್ ದ್ರಾವಣಗಳಲ್ಲಿ ಕೆಲವದ್ರಲ್ಲಿ ಮಾಲ್ಟಿಟಾಲ್ ಇರುತ್ತೆ, ಅದೂ ಸಾರ್ಬಿಟಾಲ್ ಜಾತಿಯದ್ದೇ. ಆದ್ರೆ ಈ ಔಷಧಿ ಒಂದು ಹೊತ್ತು ತಪ್ಪಿದ್ರೂ ಫಿಟ್ಸ್ ಬರೋ ಸಾಧ್ಯತೆ ಇದೆ, ಆದ್ದರಿಂದ ನರರೋಗ ತಜ್ಞರನ್ನ ಕೇಳಿದ ಮೇಲೇನೇ ಅದೇ ಡೋಸಿನ ಸಾದಾ ಮಾತ್ರೆಗೆ ಬದಲಿಸಿದ್ದು, ಒಂದು ಹೊತ್ತೂ ಬಿಡದೇ. ಇದನ್ನ ಓದಿ ಯಾರೂ ಮನೇಲಿ ತಾವೇ ಫಿಟ್ಸ್ ಔಷಧಿ ನಿಲ್ಲಿಸ್ಬೇಡಿ, ದಯವಿಟ್ಟು.

ಮಾತ್ರೆ ಪುಡಿ ಮಾಡೋದ್ರಲ್ಲೂ ಅಪಾಯ ಇದೆ. ಈ ಮನೇಲಿ ಮೊದಲಿಂದ ಹೊಟ್ಟೆಯ ಆಮ್ಲಕ್ಕೆ ಕೊಡೋ ಪ್ಯಾಂಟೊಪ್ರಜೋಲ್ ಮಾತ್ರೇನ ಕುಟ್ಟಿ ಕೊಡ್ತಿದ್ರು, ಅದರ ಮೇಲಿರೋ ಲೇಪ ಹೊಟ್ಟೆಯ ಆಮ್ಲದಿಂದ ಔಷಧಿ ಕಾಪಾಡೋಕೆ ಇರೋದು, ಕುಟ್ಟಿದ್ರೆ ಔಷಧಿ ಹೊಟ್ಟೇಲೇ ನಾಶ. ಅದನ್ನ ಟ್ಯೂಬಲ್ಲಿ ಕೊಡಬಹುದಾದ ಇನ್ನೊಂದು ರೂಪಕ್ಕೆ ಬದಲಿಸಿದ್ರು. ಲೇಪ ಇರೋ ಆಸ್ಪಿರಿನ್ ಬದಲು ನೀರಲ್ಲಿ ಕರಗೋ ಸಾದಾ ಆಸ್ಪಿರಿನ್ ಬಂತು. ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತ ಹೆಸರಿನ ಹಿಂದೆ ಇರೋ ಮಾತ್ರೆಗಳನ್ನ ಯಾವತ್ತೂ ಕುಟ್ಟಬಾರ್ದು, ಇಡೀ ದಿನ ನಿಧಾನವಾಗಿ ಬಿಡಬೇಕಾದ ಔಷಧಿ ಒಂದೇ ಸಲ ಬಿಟ್ಟುಬಿಡುತ್ತೆ. ಸೊಸೆಗೆ ಪ್ರತಿ ಮಾತ್ರೆ ಬೇರೆ ಬೇರೆ ಪುಡಿ ಮಾಡಿ, ನಡುನಡುವೆ ನೀರು ಬಿಟ್ಟು ಟ್ಯೂಬ್ ತೊಳೆಯೋದು ತೋರಿಸಿದೆ, ಒಂದೇ ಸಲಕ್ಕೆ ಕಲೀತಾರೆ ಆಕೆ.

ಬದಲಾವಣೆ ಮಾಡಿದ ಮಾರನೇ ದಿನ ನಾಲ್ಕು ಸಲ, ಅದರ ಮಾರನೇ ದಿನ ಎರಡು ಸಲ, ನಾಲ್ಕನೇ ದಿನಕ್ಕೆ ಒಂದೇ ಸಲ, ಮೆತ್ತಗೆ ಆದ್ರೂ ನೀರಲ್ಲ. ಹೊಟ್ಟೆ ಉಬ್ಬರ ಅದಕ್ಕಿಂತ ಮೊದಲೇ ಇಳೀತು. ವಾರದ ಮೇಲೆ ಪೊಟ್ಯಾಸಿಯಂ 4.1 ಬಂತು, ಸಿರಪ್ ನಿಲ್ಲಿಸಿದ್ರು, ಆಮೇಲೆ ಇಳೀಲಿಲ್ಲ. ಊಟ ಒಂದೊಂದಾಗಿ ವಾಪಸ್ ಬಂತು: ಮೊದಲು ಬೇಳೆ ಕಟ್ಟು, ಆಮೇಲೆ ರಾಗಿ, ಪ್ರೋಟೀನ್ ಪೌಡರ್, ಕೊನೆಗೆ ಹಾಲು. ಯಾವುದರಿಂದಲೂ ಭೇದಿ ಆಗ್ಲಿಲ್ಲ. ಹಾಲಿನಿಂದಲೂ ಇಲ್ಲ. ಅಷ್ಟು ದಿನ ಆ ಮನುಷ್ಯನಿಗೆ ಗಂಜಿ ತಿಳಿ ಮಾತ್ರ ಕೊಟ್ಟಿದ್ದು ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಇಷ್ಟಕ್ಕೇ ಸಾರ್ಬಿಟಾಲೇ ಕಾರಣ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಒಂದೇ ಸಲ ನಾಲ್ಕೈದು ಬದಲಾವಣೆ ಆಗಿದೆ, ಮೆಗ್ನೀಸಿಯಂ ಹೋಗಿದೆ, ಪೊಟ್ಯಾಸಿಯಂ ತೆಳುವಾಗಿದೆ, ಆಂಟಿಬಯೋಟಿಕ್ ಮುಗಿದು ದಿನ ಕಳೆದಿದೆ, ಕರುಳು ತಾನಾಗೇ ಸುಧಾರಿಸಿಕೊಂಡಿರ್ಬಹುದು. ಆದ್ರೆ ಸುಮಾರು ಒಂದು ತಿಂಗಳ ಮೇಲೆ, ಯಾರೂ ಯೋಜನೆ ಮಾಡದೇ ಒಂದು ಮರುಪರೀಕ್ಷೆ ಆಗಿಹೋಯ್ತು. ಕೆಮ್ಮು ಬಂತು, ಮಗ ಬೇರೆ ಊರಿನ ಅಂಗಡಿಯಿಂದ ಬೇರೆ ಬ್ರಾಂಡಿನ ಶುಗರ್ ಫ್ರೀ ಕೆಮ್ಮಿನ ಸಿರಪ್ ತಂದ್ರು, 10 ಎಂಎಲ್ ಮೂರು ಸಲ. ಆಂಟಾಸಿಡ್ ಇಲ್ಲ, ಪೊಟ್ಯಾಸಿಯಂ ಇಲ್ಲ, ಊಟ ಅದೇ. ಮಾರನೇ ದಿನಕ್ಕೆ ಹೊಟ್ಟೆ ಉಬ್ಬರ, ಮೂರು ಸಲ ತೆಳ್ಳಗೆ ಭೇದಿ. ಸೊಸೆಯೇ ಬಾಟಲಿ ತಿರುಗಿಸಿ ಓದಿ ಸಾರ್ಬಿಟಾಲ್ ಅಂತ ಇರೋದನ್ನ ನೋಡಿ ನಿಲ್ಲಿಸಿ ನನಗೆ ಫೋನ್ ಮಾಡಿದ್ರು. ಮುಂದಿನ ದಿನಕ್ಕೆ ಸರಿಯಾಯ್ತು. ಕೊಟ್ಟಾಗ ಬರೋದು, ಬಿಟ್ಟಾಗ ಹೋಗೋದು, ಮತ್ತೆ ಕೊಟ್ಟಾಗ ಮತ್ತೆ ಬರೋದು, ಔಷಧಿಯ ಅಡ್ಡಪರಿಣಾಮ ಗುರುತಿಸೋದ್ರಲ್ಲಿ ಇದಕ್ಕಿಂತ ಬಲವಾದ ಸುಳಿವು ಮನೆ ಮಟ್ಟದಲ್ಲಿ ಸಿಗಲ್ಲ. ಹಾಗಾಗಿ ನನ್ನ ತೀರ್ಮಾನ: ಸಾರ್ಬಿಟಾಲ್ ಮುಖ್ಯ ಕಾರಣ, ಮೆಗ್ನೀಸಿಯಂ ಮತ್ತೆ ತೆಳು ಮಾಡದ ಪೊಟ್ಯಾಸಿಯಂ ಜೊತೆಗೂಡಿದ್ವು.

ಈ ಪ್ರಕರಣ ಹೇಳಿದ ಮೇಲೆ ಬಹಳ ಜನ ಕೇಳೋದು ಮಾತ್ರೆಗಳ ಬಗ್ಗೆ, ಮಾತ್ರೇಲಿ ಲ್ಯಾಕ್ಟೋಸ್ ಇರುತ್ತಂತಲ್ಲ, ನಂಗೆ ಹಾಲು ಆಗಲ್ಲ, ಅದ್ರಿಂದಾನಾ ಹೊಟ್ಟೆ ಕೆಡೋದು ಅಂತ. ಲ್ಯಾಕ್ಟೋಸ್ ಇರೋದು ನಿಜ. 2019ರಲ್ಲಿ ಅಮೆರಿಕದಲ್ಲಿ ಬಾಸ್ಟನ್‌ನ ವೈದ್ಯರೂ ಎಂಐಟಿ ಸಂಶೋಧಕರೂ ಸೇರಿ ಅಲ್ಲಿನ 42,052 ಬಾಯಿ ಮೂಲಕ ತಗೊಳ್ಳೋ ಔಷಧಿಗಳ ಪಟ್ಟಿ ಜಾಲಾಡಿದ್ರು, ಸುಮಾರು 45 ಪರ್ಸೆಂಟ್‌ನಲ್ಲಿ ಲ್ಯಾಕ್ಟೋಸ್ ಇತ್ತು, ಅರ್ಧಕ್ಕಿಂತ ಹೆಚ್ಚಿನದ್ರಲ್ಲಿ ಸೂಕ್ಷ್ಮ ಕರುಳಿನವರಿಗೆ ಆಗದ ಯಾವುದೋ ಒಂದು ಸಕ್ಕರೆ ಅಂಶ ಇತ್ತು, ಮಾತ್ರೆಯ ತೂಕದಲ್ಲಿ ಸರಾಸರಿ ಮುಕ್ಕಾಲು ಭಾಗ ಔಷಧಿಯೇ ಅಲ್ಲದ ಪದಾರ್ಥ. ಆದ್ರೆ ಪ್ರಮಾಣ ನೋಡ್ಬೇಕು. ಒಂದು ಮಾತ್ರೇಲಿ ಲ್ಯಾಕ್ಟೋಸ್ ಇರೋದು ಮಿಲಿಗ್ರಾಂ ಲೆಕ್ಕದಲ್ಲಿ, ಒಂದು ಲೋಟ ಹಾಲಲ್ಲಿ 10 ಗ್ರಾಂ ಇರುತ್ತೆ, ಹಾಲು ಆಗದ ಬಹುತೇಕರು ಒಂದೇ ಸಲ 12 ಗ್ರಾಂ ತನಕ ತಡ್ಕೊಳ್ತಾರೆ. ಹಾಗಾಗಿ ಒಂದೆರಡು ಮಾತ್ರೆಯ ಲ್ಯಾಕ್ಟೋಸ್‌ಗೆ ಹೆದರಿ ಬಿಪಿ ಮಾತ್ರೆ ಬಿಡೋದು ದೊಡ್ಡ ಅಪಾಯ. ಗೋಧಿಯ ಗ್ಲೂಟನ್ ಆಗದ ಸೀಲಿಯಾಕ್ ರೋಗಿಗಳ ವಿಷಯ ಬೇರೆ, ಅವರಿಗೆ ಚೂರು ಕೂಡ ಮುಖ್ಯ, ಆ ಅಧ್ಯಯನ ಶುರುವಾಗಿದ್ದೂ ಅಂಥ ಒಬ್ಬ ರೋಗಿಗೆ ಕೊಟ್ಟ ಒಮೆಪ್ರಜೋಲ್ ಅನ್ನೋ ಆಮ್ಲದ ಔಷಧಿಯಿಂದ.

ಮಿಲಿಗ್ರಾಂ ಲೆಕ್ಕದ ಪದಾರ್ಥಾನೂ ಕೆಲವೊಮ್ಮೆ ದೊಡ್ಡ ಪರಿಣಾಮ ಮಾಡುತ್ತೆ, ಬೇರೆ ದಾರಿಯಿಂದ. 1968ರ ಹೊತ್ತಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫಿಟ್ಸ್‌ಗೆ ಕೊಡೋ ಫೆನಿಟಾಯಿನ್ ಕ್ಯಾಪ್ಸೂಲಲ್ಲಿ ತುಂಬೋ ಪದಾರ್ಥ ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಲ್ಯಾಕ್ಟೋಸ್‌ಗೆ ಬದಲಾಯ್ತು, ಔಷಧಿ ಅದೇ, ಡೋಸ್ ಅದೇ, ಆದ್ರೂ ರಕ್ತಕ್ಕೆ ಔಷಧಿ ಹೆಚ್ಚು ಹೋಗಿ ರೋಗಿಗಳಿಗೆ ತಲೆ ತಿರುಗು, ತೂರಾಟ, ವಾಂತಿ ಎಲ್ಲಾ ಆಯ್ತು. ಬ್ರಾಂಡ್ ಬದಲಾದ ಮೇಲೆ ಹೊಸ ತೊಂದರೆ ಶುರುವಾಯ್ತು ಅಂತ ರೋಗಿ ಹೇಳಿದ್ರೆ ಅದನ್ನ ಮನಸ್ಸಿನ ಭ್ರಮೆ ಅಂತ ತಳ್ಳಿಹಾಕಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಚಿಕ್ಕ ಮಕ್ಕಳ ಮನೇಲೂ ಇದೇ ಲೆಕ್ಕ ಬೇಕು, ಜ್ವರಕ್ಕೊಂದು ಕೆಮ್ಮಿಗೊಂದು ಆಂಟಿಬಯೋಟಿಕ್ ಒಂದು ವಿಟಮಿನ್ ಒಂದು ಅಂತ ನಾಲ್ಕು ಬಾಟಲಿ ಒಟ್ಟಿಗೆ ನಡೀತಿರುತ್ತೆ, ಮಗುವಿನ ತೂಕ 10 ಕೆಜಿ, ಭೇದಿ ಆದ್ರೆ ಆಂಟಿಬಯೋಟಿಕ್ ಮೇಲೆ ಗೂಬೆ ಕೂರಿಸ್ತೀವಿ. ಹುಟ್ಟಿನಿಂದ ಫ್ರಕ್ಟೋಸ್ ಆಗದ ಅಪರೂಪದ ಕಾಯಿಲೆ ಇರೋ ಮಕ್ಕಳಿಗಂತೂ ಸಾರ್ಬಿಟಾಲ್ ಪ್ರಾಣಕ್ಕೇ ಅಪಾಯ, ಅದು ಲಿವರ್‌ನಲ್ಲಿ ಫ್ರಕ್ಟೋಸ್ ಆಗೇ ಬದಲಾಗೋದು.

ಲೇಬಲ್ ಮೇಲೆ ಹುಡುಕಬೇಕಾದ ಹೆಸರುಗಳು: ಸಾರ್ಬಿಟಾಲ್, ಮ್ಯಾನಿಟಾಲ್, ಮಾಲ್ಟಿಟಾಲ್, ಜೈಲಿಟಾಲ್. ಹೆಸರು ಇಲ್ಲದಿದ್ರೆ ಇಲ್ಲ ಅಂತ ಅರ್ಥ ಅಲ್ಲ, ಶುಗರ್ ಫ್ರೀ ಅಂತಿದ್ದು ಮಂದವಾಗಿ ಸಿಹಿಯಾಗಿದ್ರೆ ಫಾರ್ಮಸಿಸ್ಟನ್ನ ಕೇಳಿ, ಅವರಿಗೂ ಗೊತ್ತಿಲ್ಲದಿದ್ರೆ ಕಂಪನಿಗೆ ಅವರ ಮೂಲಕವೇ ಕೇಳ್ಸಿ. ಡಾಕ್ಟ್ರ ಹತ್ರ ಹೋಗುವಾಗ ಚೀಟಿ ಮಾತ್ರ ಅಲ್ಲ, ಬಾಟಲಿಗಳನ್ನೇ ಚೀಲದಲ್ಲಿ ಹಾಕ್ಕೊಂಡು ಹೋಗಿ. ಶುಗರ್ ಇರೋರಿಗೆ ಇನ್ನೊಂದು ಮಾತು, ನುಂಗೋಕೆ ಆಗೋದಾದ್ರೆ ಸಾದಾ ಮಾತ್ರೆ ಸಿಗೋ ಕಡೆ ಸಿರಪ್ ಹುಡುಕೋದೇ ಬೇಡ, ಸಕ್ಕರೆದೂ ಬೇಡ ಶುಗರ್ ಫ್ರೀನೂ ಬೇಡ.

ಭಾರತದ ಔಷಧಿ ಅಡ್ಡಪರಿಣಾಮ ದಾಖಲೆ ಮಾಡೋ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಈ ಪ್ರಕರಣದ ವರದಿ ಹಾಕಿದೀನಿ. ರೋಗಿ, ಮನೆಯವರು ಯಾರು ಬೇಕಾದ್ರೂ ಅಲ್ಲಿಗೆ ಹೇಳ್ಬಹುದು, 1800 180 3024 ಉಚಿತ ನಂಬರ್. ಫಾರ್ಮಿನಲ್ಲಿ ಅನುಮಾನಿತ ಔಷಧಿ ಅನ್ನೋ ಕಡೆ ಬ್ರಾಂಡ್ ಹೆಸರು, ಬ್ಯಾಚ್ ನಂಬರ್ ಬರೆದು, ವಿವರದ ಜಾಗದಲ್ಲಿ ತೊಂದರೆ ಬೇಸ್‌ನಿಂದ ಅಂತ ಬಿಡಿಸಿ ಬರೆದೆ, ಬೇಸ್‌ಗೆ ಅಂತಾನೇ ಬೇರೆ ಜಾಗ ಇದ್ರೆ ಇಂಥ ವರದಿಗಳು ಹುಡುಕಿದಾಗ ಸಿಗೋದು ಸುಲಭ ಆಗ್ತಿತ್ತು.

ಯಜಮಾನ್ರಿಗೆ ನುಂಗೋ ವ್ಯಾಯಾಮ ಮಾಡಿಸಿ ಮಾಡಿಸಿ ಈಗ ಟ್ಯೂಬ್ ತೆಗೆದಿದಾರೆ, ಮೆತ್ತಗೆ ಕಿವುಚಿದ ಮುದ್ದೆ ಸಾರು ಬಾಯಲ್ಲೇ ತಗೊಳ್ತಾರೆ, ಬೆಡ್ ಸೋರ್ ಒಣಗಿದೆ, ಕಳ್ಕೊಂಡ ತೂಕದಲ್ಲಿ ಅರ್ಧದಷ್ಟು ವಾಪಸ್ ಬಂದಿದೆ. ಬಿ ಕಾಂಪ್ಲೆಕ್ಸ್ ಕಂಪನಿಗೆ ಪ್ರಮಾಣ ಕೇಳಿ ಮತ್ತೆ ಬರೆದಿದೀನಿ, ಈ ಸಲ ಡಾಕ್ಟರ ಸಹಿ ಸಮೇತ.